ಬಣ್ಣ ಚೆಲ್ಲಿದ ಕೊಟ್ಟಿಗೆ ನೋಡಿಬಂದೆ

ಬೇಗೂರು, ಹೊರಡುವ ಮುಂಚೆ

ನನ್ನ ಮೊಮ್ಮಗಳು ಲಾವಣ್ಯ ಬರೆದ ಚಿತ್ರಗಳನ್ನು ನೋಡಿ ಅಮೆರಿಕದ ಒಂದು ಕಾಲೇಜಿನವರು ಒಂದಷ್ಟು ದಿನ ನಮ್ಮಲ್ಲಿದ್ದು ಬರೆ ಬಾ ಅಂತ ಕರೆದರು. ಈ ಒಂದು ಮಾತನ್ನು ಬೇಗೂರಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದೀನೋ ನನಗೇ ಗೊತ್ತಿಲ್ಲ. ದೇವಸ್ಥಾನದ ಕಟ್ಟೆ ಮೇಲೆ ಹೇಳಿದೆ, ರೇಷನ್ ಅಂಗಡಿ ಸಾಲಿನಲ್ಲಿ ಹೇಳಿದೆ, ಹಾಲು ಹಾಕುವವನಿಗೆ ಹೇಳಿದೆ. ನಮ್ಮ ಹಿತ್ತಲ ರೂಮುಗಳಲ್ಲಿ ಬಾಡಿಗೆಗಿರುವ ರಾಯಚೂರು ಕಡೆಯ ಹುಡುಗರಿಗೆ ಎರಡೆರಡು ಸಲ ಹೇಳಿದೆ. ಅವರು ಒಳ್ಳೆಯವರು, ಎರಡನೇ ಸಲವೂ ಹೊಸದಾಗಿ ಕೇಳಿದವರ ಹಾಗೆ ಕಣ್ಣು ಬಿಟ್ಟರು.

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಬರೆಯೋದು ನಿಧಾನ. ಆದರೆ ಹೊಟ್ಟೆಯಲ್ಲಿ ಇಷ್ಟೊಂದು ಸಂತೋಷ ಇಟ್ಟುಕೊಂಡು ಸುಮ್ಮನಿರೋಕಾಗಲ್ಲ. ಸಿಟ್ಟೂ ಇದೆ, ಅದು ಇನ್ನೂ ಜಾಸ್ತಿ ಇದೆ. ಎರಡನ್ನೂ ಬೇರೆ ಬೇರೆ ಮಾಡಿ ಬರೆಯೋಕೆ ನನಗೆ ಬರಲ್ಲ.

ಮೊದಲು ಒಂದು ವಿಷಯ ಹೇಳಿಬಿಡುತ್ತೀನಿ. ಲಾವಣ್ಯಂಗೆ ಆಗಲೇ ಗಂಡು ಗೊತ್ತಾಗಿತ್ತು. ಅತ್ತಿಬೆಲೆ ಹುಡುಗ, ಮಂಜುನಾಥ ಅಂತ, ಜಿಗಣಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಕುಡಿಯಲ್ಲ, ಸೇದಲ್ಲ, ದೊಡ್ಡವರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂರಲ್ಲ. ಇವಳ ಚಿತ್ರದ ಹುಚ್ಚಿಗೆ ಏನಂತಾರೋ ಅನ್ನೋದೊಂದೇ ನಮಗೆ ಹೆದರಿಕೆ ಇತ್ತು. ಅವರ ಮನೆ ನೋಡೋಕೆ ಹೋದಾಗ ಹುಡುಗನ ತಾಯಿ ನಮ್ಮನ್ನು ಮೇಲಕ್ಕೆ ಕರೆದುಕೊಂಡು ಹೋಗಿ ಒಂದು ರೂಮು ತೋರಿಸಿದರು. ಒಂದು ಮಂಚ, ಒಂದು ಬೀರು, ಒಂದು ಕಿಟಕಿ. ಇಲ್ಲಿ ಕೂತು ಬರೆದುಕೊಳ್ಳಲಿ, ಬೇಡ ಅನ್ನೋರ್ಯಾರು ಅಂದರು. ನನಗೆ ಎಷ್ಟು ಖುಷಿಯಾಯಿತು ಅಂದರೆ ಆಕೆಯ ಎರಡೂ ಕೈ ಹಿಡಿದುಕೊಂಡುಬಿಟ್ಟೆ. ಲಾವಣ್ಯ ರೂಮನ್ನು ಈ ಮೂಲೆಯಿಂದ ಆ ಮೂಲೆಗೆ ನೋಡಿ, ಸಾಕು ಆಂಟಿ ಅಂದಳು.

ನನ್ನ ಮಗ ಮುನಿರಾಜು, ಅಂದರೆ ಲಾವಣ್ಯನ ಅಪ್ಪ, ಒಂದು ಷರತ್ತು ಹಾಕಿದ. ಅಮೆರಿಕಕ್ಕೆ ಹೋಗಿಬರಲಿ, ಬಂದ ಮೇಲೆ ಆಷಾಢ ಕಳೆದ ತಕ್ಷಣ ಮದುವೆ. ಮಾತು ಮುಗಿದ ಹುಡುಗಿಯನ್ನು ಒಬ್ಬಳನ್ನೇ ಕಳಿಸೋದು ಬೇಡ ಅಂತಾನೂ ಅಂದ. ನನ್ನ ಸೊಸೆಗೆ ಗಾರ್ಮೆಂಟ್ಸಲ್ಲಿ ರಜೆ ಕೊಡಲ್ಲ. ನನಗೆ ವರ್ಷವೆಲ್ಲ ರಜೆ. ಹಂಗಾಗಿ ನಾನು ಹೊರಟೆ.

ನ್ಯೂಯಾರ್ಕ್, ಕಾಲೇಜಿನ ಹಾಲ್

ವಿಮಾನದ ವಿಚಾರ ಬರೆಯಲ್ಲ. ಕೂತೆ, ಕಾಲು ಊದಿತು, ಇಳಿದೆ.

ಆ ಊರಿನ ಜನರ ಮೇಲೆ ನನಗೆ ಮೊದಲ ದಿನವೇ ಸಿಟ್ಟು ಬಂತು. ಎದುರಿಗೆ ಸಿಕ್ಕವರೆಲ್ಲ ಹೇಗಿದ್ದೀರಿ ಅಂತ ಕೇಳುತ್ತಾರೆ. ಕೇಳಿದರಲ್ಲ ಅಂತ ನಾನು ನಿಂತು, ಮಂಡಿ ನೋವು, ಊದಿದ ಕಾಲು, ಎಲ್ಲ ಸೇರಿಸಿ ಹೇಳೋಕೆ ಬಾಯಿ ತೆರೆದರೆ ಅವರು ಆಗಲೇ ಬೀದಿಯ ಆ ತುದಿಯಲ್ಲಿರುತ್ತಾರೆ. ಕೇಳೋ ಮನಸ್ಸಿಲ್ಲದ ಮೇಲೆ ಯಾಕೆ ಕೇಳಬೇಕು?

ಚಿತ್ರ ಬರೆಯುವವರಿಗೆ ಕೊಟ್ಟಿದ್ದ ಹಾಲ್ ನಮ್ಮ ಪೀಣ್ಯದ ಹಳೇ ಫ್ಯಾಕ್ಟರಿ ಶೆಡ್ಡಿನ ಹಾಗಿತ್ತು. ಅಡ್ಡಗೋಡೆ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಜಾಗ ಮಾಡಿದ್ದರು. ಲಾವಣ್ಯಂಗೆ ಸಿಕ್ಕಿದ್ದು ರಾಗಿ ಕಣದಷ್ಟು ಅಗಲ. ಪಕ್ಕದ ಹುಡುಗ ಹುಡುಗಿಯರ ಜಾಗ ನೋಡೋಕಾಗಲ್ಲ, ನೆಲವೆಲ್ಲ ಬಣ್ಣ, ಗೋಡೆಗೆ ಬಣ್ಣ, ಒಬ್ಬನ ತಲೆಗೂದಲಲ್ಲಿ ಹಳದಿ ಒಣಗಿತ್ತು. ನಮ್ಮವಳು ಮಾತ್ರ ಹಳೇ ಪೇಪರ್ ಬೇಕು ಅಂತ ಹುಡುಕಿಕೊಂಡು ಹೋದಳು. ಆ ಊರಿನಲ್ಲಿ ರದ್ದಿಯವನಿಗೆ ಅಂತ ಯಾರೂ ಪೇಪರ್ ಕೂಡಿಡಲ್ಲ. ಎಲ್ಲೆಲ್ಲೋ ಕಾಡಿ ಬೇಡಿ ತಂದು ನೆಲದ ತುಂಬ ಹಾಸಿದಳು. ಅದರ ಮೇಲೆ ಚಿತ್ರ ಬರೆಯೋ ಬಟ್ಟೆ ಹಾಸಿದಳು. ಅದೂ ಪೂರ್ತಿ ಅಲ್ಲ, ಮಡಚಿ ಮಡಚಿ ಒಂದು ಚಾಪೆಯಷ್ಟು ಮಾಡಿ, ಮೂಲೆಯಲ್ಲಿ ಮಂಡಿ ಊರಿ ಕೂತಳು.

ಅವರ ಮೇಡಂ ಬಂದರು. ವಯಸ್ಸಾದ ಹೆಂಗಸು, ಬಿಳೀ ಕೂದಲನ್ನು ಗಂಡಸರ ಹಾಗೆ ಕತ್ತರಿಸಿದ್ದರು. ನೆಲ ಗಲೀಜಾದರೆ ಪರವಾಗಿಲ್ಲ ಅಂತ ಹೇಳಿದರಂತೆ. ನಾನು ಲಾವಣ್ಯನ ಬಾಯಲ್ಲಿ ಹೇಳಿಸಿದೆ, ನಮ್ಮ ಹುಡುಗಿ ನಮ್ಮ ಮನೆಯಲ್ಲಿ ಇಷ್ಟು ವರ್ಷ ಬರೆದಿದ್ದಾಳೆ, ಒಂದು ಹನಿ ನೆಲಕ್ಕೆ ಬೀಳಿಸಿದವಳಲ್ಲ ಅಂತ. ಆ ಮೇಡಂ ನನ್ನನ್ನೇ ನೋಡಿದರು, ನಗಲಿಲ್ಲ. ಅಚ್ಚುಕಟ್ಟಿಗೆ ಈ ದೇಶದಲ್ಲಿ ಬೆಲೆಯಿಲ್ಲ ಅಂತ ನನಗೆ ಮೈ ಉರಿಯಿತು.

ಇಷ್ಟು ದೊಡ್ಡ ಜಾಗ ಇಟ್ಟುಕೊಂಡು ಬಟ್ಟೆ ಯಾಕೆ ಮಡಚಿದ್ದೀಯ ಅಂತ ಆಮೇಲೆ ಕೇಳಿದೆ.

"ಅತ್ತಿಬೆಲೆ ರೂಮಲ್ಲಿ ಮಂಚ ಬಿಟ್ಟು ಉಳಿಯೋದು ಇಷ್ಟೇ ಅಜ್ಜಿ" ಅಂದಳು. "ಈಗಿಂದ್ಲೇ ರೂಢಿ ಮಾಡ್ಕೊಳ್ತಿದೀನಿ."

ಎಷ್ಟು ಒಳ್ಳೆಯ ಹುಡುಗಿ ಅಂತ ನಾನು ಅವಳ ತಲೆ ಸವರಿದೆ.

ಮ್ಯೂಸಿಯಂ

ಒಂದು ಭಾನುವಾರ ನನ್ನನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದಳು. ಅವಳಿಗೆ ತುಂಬ ಬೇಕಾದ ಒಬ್ಬ ಪೇಂಟರಿನ ಚಿತ್ರ ಅಲ್ಲಿತ್ತು. ಆ ಮನುಷ್ಯ ತೀರಿಕೊಂಡು ಎಷ್ಟೋ ಕಾಲವಾಯಿತು, ಪ್ರಪಂಚಕ್ಕೆಲ್ಲ ಅವನ ಹೆಸರು ಗೊತ್ತು. ನಾನು ಬರೆಯಲ್ಲ. ಹೆಸರು ಹೇಳಿ ಅವನನ್ನು ಮೆರೆಸುವಷ್ಟು ಪ್ರೀತಿ ನನಗೆ ಅವನ ಮೇಲಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಗೋಡೆಯಷ್ಟು ಅಗಲದ ಚಿತ್ರ. ಕಪ್ಪು, ಬಿಳಿ, ಕಂದು ಬಣ್ಣದ ಎಳೆಗಳು ಒಂದರ ಮೇಲೊಂದು ಸಿಕ್ಕು ಹಾಕಿಕೊಂಡು ಬಿದ್ದಿದ್ದವು. ಮನುಷ್ಯರಿಲ್ಲ, ಮರವಿಲ್ಲ, ದೇವರಂತೂ ಇಲ್ಲವೇ ಇಲ್ಲ. ಇದಕ್ಕೋಸ್ಕರ ನನ್ನನ್ನು ಸುರಂಗದ ರೈಲಿನಲ್ಲಿ ನಿಲ್ಲಿಸಿಕೊಂಡು ಬಂದೆಯಾ ಅಂತ ಬೈದೆ. ನಮ್ಮ ಬೀದಿ ಕಂಬದಲ್ಲಿ ಕೇಬಲ್ ಟೀವಿ ವೈರು ಹೀಗೇ ಇರುತ್ತೆ, ಅದನ್ನು ಯಾರೂ ಟಿಕೆಟ್ ಇಟ್ಟು ತೋರಿಸಲ್ಲ ಅಂದೆ.

ಲಾವಣ್ಯ ನಗುತ್ತಾ ನನ್ನನ್ನು ಹತ್ತಿರ ನಿಲ್ಲಿಸಿಕೊಂಡು ಹೇಳಿಕೊಟ್ಟಳು. ಅವನು ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಎದುರಿಗೆ ನಿಲ್ಲಿಸಿಕೊಳ್ಳುತ್ತಿರಲಿಲ್ಲವಂತೆ, ನೆಲದ ಮೇಲೆ ಹಾಸುತ್ತಿದ್ದನಂತೆ. ಬ್ರಶ್ಶನ್ನು ಬಟ್ಟೆಗೆ ಮುಟ್ಟಿಸುವುದೇ ಅಪರೂಪ. ಒಣಗಿ ಗಟ್ಟಿಯಾದ ಬ್ರಶ್ಶು, ಕಡ್ಡಿ, ಏನು ಸಿಕ್ಕರೆ ಅದನ್ನು ಡಬ್ಬಿಗೆ ಅದ್ದಿ ಮೇಲಿಂದ ಬಿಡುವುದು. ಮನೆಯ ಗೇಟಿಗೆ ಬಾಗಿಲಿಗೆ ಹೊಡೆಯುತ್ತೀವಲ್ಲ, ಅಂಥ ಬಣ್ಣವನ್ನೇ ತೆಳ್ಳಗೆ ಮಾಡಿಕೊಂಡು ಎಳೆಯುವುದು. ಕೈ ಬೇಗ ಹೋದರೆ ಎಳೆ ಸಣ್ಣ, ನಿಧಾನ ಮಾಡಿದರೆ ದಪ್ಪ, ನಿಂತರೆ ಮಡುಗಟ್ಟುತ್ತೆ. ನಾಲ್ಕೂ ಕಡೆಯಿಂದ ಸುತ್ತಿ ಸುತ್ತಿ ಬರೆದ ಚಿತ್ರಕ್ಕೆ ತಲೆ ಯಾವುದು ಕಾಲು ಯಾವುದು ಅಂತಿರಲ್ಲ.

ಆಗ ನನಗೆ ರಂಗೋಲಿ ನೆನಪಾಯಿತು. ನಾವೂ ಬಗ್ಗಿ ನಿಂತು ಬೆರಳ ಸಂದಿಯಿಂದ ಪುಡಿ ಬಿಡುವವರೇ ತಾನೇ, ನೆಲ ಮುಟ್ಟಿದರೆ ಎಳೆ ಕೆಟ್ಟಿತು. ಹಂಗೆ ಅಂದುಕೊಂಡು ನೋಡಿದರೆ ಅವನ ಕೈ ಎಲ್ಲಿ ಓಡಿದೆ, ಎಲ್ಲಿ ತಡೆದಿದೆ ಅಂತ ಸ್ವಲ್ಪ ಸ್ವಲ್ಪ ಕಂಡಿತು. ಬಣ್ಣ ಗೇಟಿನದೇ ಹೌದೋ ಅಲ್ಲವೋ ನೋಡೋಣ ಅಂತ ಮೂಗು ಹತ್ತಿರ ಹಿಡಿದು ಮೂಸಿದೆ. ಎಲ್ಲಿದ್ದನೋ, ಆರಡಿ ಕಾವಲುಗಾರ ಓಡಿಬಂದ. ನಾನು ಮುಟ್ಟಿಲ್ಲಪ್ಪ, ಮೂಸಿದೆ ಅಷ್ಟೇ ಅಂತ ಕನ್ನಡದಲ್ಲೇ ಜಗಳ ಮಾಡಿದೆ. ಲಾವಣ್ಯ ಏನೋ ಹೇಳಿದಳು. ಅವನು ಬಾಯಿಗೆ ಕೈ ಅಡ್ಡ ಇಟ್ಟು ಆ ಕಡೆ ತಿರುಗಿದ, ಹೆಗಲು ಮಾತ್ರ ಕುಣಿಯುತ್ತಿತ್ತು. ಹೊರಗೆ ಬಂದ ಮೇಲೂ ನನಗೆ ಅವಮಾನ ಆರಲಿಲ್ಲ. ವಾಸನೆ ಮಾತ್ರ ಬರಲಿಲ್ಲ, ಹಳೇದಾಗಿತ್ತು.

ಸಮುದ್ರದ ಕಡೆಯ ಊರು, ಕೊಟ್ಟಿಗೆ

ಆ ಪೇಂಟರ್ ಬಾಳಿದ ಮನೆ ಸಮುದ್ರದ ಕಡೆ ಒಂದು ಸಣ್ಣ ಊರಿನಲ್ಲಿದೆ. ರೈಲಿನಲ್ಲಿ ಹೋದೆವು. ನಮ್ಮ ಎದುರಿನ ಹೆಂಗಸು ತನ್ನ ಬ್ಯಾಗಿಗೂ ಒಂದು ಸೀಟು ಕೊಟ್ಟು ಕಣ್ಣು ಮುಚ್ಚಿಕೊಂಡಿದ್ದಳು. ನಿಂತವರು ನಿಂತೇ ಇದ್ದರು, ಒಬ್ಬರೂ ಎತ್ತಮ್ಮ ಅದನ್ನ ಅನ್ನಲಿಲ್ಲ. ಬೇಗೂರು ಬಸ್ಸಾಗಿದ್ದರೆ ಬ್ಯಾಗು ಆಗಲೇ ಆಕೆಯ ತಲೆ ಮೇಲಿರುತ್ತಿತ್ತು.

ಮರದ ಮನೆ, ಹಿಂದೆ ಮರದ್ದೇ ಕೊಟ್ಟಿಗೆ, ಅವನು ಬರೆಯುತ್ತಿದ್ದದ್ದು ಅದರಲ್ಲೇ. ನೋಡೋಕೆ ಬಂದವರಿಗೆಲ್ಲ ತೋರಿಸಲು ಒಬ್ಬಳು ಹುಡುಗಿ ಇದ್ದಳು. ಮೊದಲು ಅವನು ಕೆಲಸ ಮಾಡುವ ಹಳೇ ಸಿನಿಮಾ ತುಣುಕು ಹಾಕಿದಳು. ತುಟಿಯಲ್ಲಿ ಸಿಗರೇಟು, ಕೈಯಲ್ಲಿ ಡಬ್ಬಿ, ಬಟ್ಟೆಯ ಅಂಚಿನಲ್ಲಿ ಕಾಲು ಅಡ್ಡಡ್ಡ ಇಡುತ್ತಾ ತೋಳು ಬೀಸುತ್ತಿದ್ದ. ಕೈ ಮಣಿಕಟ್ಟಿನಿಂದಲ್ಲ, ಹೆಗಲಿನಿಂದ ಬರುತ್ತಿತ್ತು. ನಮ್ಮ ಹೊಲ ಅಪಾರ್ಟ್‌ಮೆಂಟ್ ಆಗೋಕೆ ಮುಂಚೆ ನಮ್ಮ ಮಾವ ರಾಗಿ ಎರಚುತ್ತಿದ್ದದ್ದು ಹೀಗೇ. ನನಗೆ ಕಣ್ಣು ಒದ್ದೆಯಾಯಿತು. ಅಷ್ಟು ಹೊತ್ತು ಮಾತ್ರ ಆ ಮನುಷ್ಯ ನನಗೆ ಇಷ್ಟವಾಗಿದ್ದ.

ಕೊಟ್ಟಿಗೆ ಬಾಗಿಲಲ್ಲಿ ಗಲಾಟೆಯಾಯಿತು. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತೆ. ಆ ಹುಡುಗಿ ಮೆತ್ತನೆಯ ಒಂದು ಜೊತೆ ಸ್ಲಿಪ್ಪರ್ ಕೊಟ್ಟು, ಇದನ್ನು ಹಾಕಿಕೊಂಡೇ ಒಳಗೆ ಬನ್ನಿ ಅಂದಳು. ಒಳಗೆ ನೋಡಿದರೆ ನೆಲದ ತುಂಬ ಅವನ ಬಣ್ಣ. ಎಳೆ, ಚುಕ್ಕೆ, ಮಡು, ಎಲ್ಲ ಹಂಗೇ ಇದೆ. ರಂಗೋಲಿಯ ಮೇಲೆ ಕಾಲಿಟ್ಟರೇ ನಮ್ಮಲ್ಲಿ ಬೈಸಿಕೊಳ್ಳಬೇಕು, ಇವರು ಮೆಟ್ಟು ಹಾಕಿಕೊಂಡು ತುಳಿ ಅಂತಾರೆ. ನಾನು ತುಳಿಯಲ್ಲ ಅಂದೆ. ಹಿಂದೆ ಹತ್ತಾರು ಜನ ಕಾಯುತ್ತಾ ನಿಂತರು. ಅವನೇ ಇದರ ಮೇಲೆ ಓಡಾಡಿದ್ದ ಬಾ ಅಜ್ಜಿ ಅಂತ ಲಾವಣ್ಯ ಬೇಡಿಕೊಂಡಳು. ಕೊನೆಗೆ ಹಾಕಿಕೊಂಡೆ. ನನ್ನ ಕಾಲಿಗೆ ದೊಡ್ಡದು. ಎರಡು ಹೆಜ್ಜೆಗೆ ಜಾರಿ, ಅವನ ಬಣ್ಣದ ಮೇಲೇ ದಬ್ಬ ಅಂತ ಕೂತುಬಿಟ್ಟೆ.

ಏಟೇನೂ ಆಗಲಿಲ್ಲ. ಕೂತಲ್ಲಿಂದ ನೋಡಿದೆ. ನೆಲದ ಮೇಲೆ ಅಲ್ಲಲ್ಲಿ ನೆಟ್ಟಗೆ ಗೆರೆ ಹೊಡೆದ ಹಾಗೆ ಬಣ್ಣ ನಿಂತುಹೋಗಿತ್ತು. ಅದೇನು ಅಂತ ಕೇಳಿದ್ದಕ್ಕೆ, ಅಲ್ಲಿಗೆ ಬಟ್ಟೆಯ ಅಂಚು ಇತ್ತು, ಈಚೆಗೆ ಬಿದ್ದಿರೋದೆಲ್ಲ ಬಟ್ಟೆ ದಾಟಿ ಬಂದದ್ದು ಅಂದರು. ಅಂದರೆ ಈ ನೆಲದಲ್ಲಿ ಎಲ್ಲರೂ ಬೆರಗಾಗಿ ನೋಡುತ್ತಿರೋದು ಅವನ ಚಿತ್ರವಲ್ಲ, ಅವನು ಚೆಲ್ಲಿದ್ದು. ಕೈ ಬೀಸಿದಾಗ ಆಚೆ ಹೋಗದೆ ಇರುತ್ತಾ? ಆಚೆ ಹೋಗೋಕೆ ಅವನಿಗೆ ಜಾಗ ಇತ್ತು. ಒರೆಸು ಅಂತ ಯಾರೂ ಅನ್ನಲಿಲ್ಲ.

ತಲೆಯೆತ್ತಿ ಲಾವಣ್ಯನ ಮುಖ ನೋಡಿದೆ. ಅವಳು ನೆಲವನ್ನೇ ನೋಡುತ್ತಿದ್ದಳು. ಬೇರೆಯವರ ಮನೆಯ ಮದುವೆ ಊಟಕ್ಕೆ ಹೊರಗೆ ನಿಂತ ಮಕ್ಕಳು ನೋಡುತ್ತಾರಲ್ಲ, ಹಂಗೆ.

ಅದೇ ಮನೆ, ಮಹಡಿ

ಆಮೇಲೆ ಮನೆಯೊಳಗೆ, ಮೇಲಕ್ಕೆ ಹತ್ತಿಸಿದರು. ಒಂದು ಮಲಗುವ ಕೋಣೆ. ಅವನ ಹೆಂಡತಿಯೂ ಪೇಂಟರ್ ಅಂತೆ, ಅವಳು ಬರೆಯುತ್ತಿದ್ದದ್ದು ಇಲ್ಲೇ ಅಂತೆ. ತೋರಿಸುವ ಹುಡುಗಿ ನಗುನಗುತ್ತಾ ಹೇಳುತ್ತಿದ್ದಳು, ಲಾವಣ್ಯ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಹೆಂಡತಿ ಮದುವೆಗೆ ಮುಂಚೆಯಿಂದಲೂ ಹೆಸರು ಮಾಡಿದವಳು. ಗಂಡನನ್ನು ದೊಡ್ಡವರಿಗೆ ಪರಿಚಯ ಮಾಡಿಸಿದವಳು. ಇಲ್ಲಿಗೆ ಬಂದ ಮೇಲೆ ಕೊಟ್ಟಿಗೆ ಅವನಿಗಾಯಿತು, ಕೋಣೆ ಇವಳಿಗಾಯಿತು. ಕೋಣೆಯಲ್ಲಿ ಹಿಡಿಸುವಷ್ಟು ಸಣ್ಣ ಸಣ್ಣ ಚಿತ್ರ ಬರೆದಳು. ಹಳೆಯದನ್ನು ಹರಿದು, ಕತ್ತರಿಸಿ, ಅಂಟಿಸಿ ಬೇರೆ ಚಿತ್ರ ಮಾಡಿದಳು.

ಅವನು ಕುಡುಕ. ಕುಡಿದು ಕಾರು ಓಡಿಸಿ ಮರಕ್ಕೆ ಗುದ್ದಿ ಸತ್ತ. ಜೊತೆಯಲ್ಲಿದ್ದ ಒಬ್ಬಳು ಪಾಪದ ಹುಡುಗಿಯನ್ನೂ ಸಾಯಿಸಿದ. ಹೆಂಡತಿ ಆಗ ಊರಲ್ಲಿರಲಿಲ್ಲ. ಇದನ್ನೂ ಆ ಹುಡುಗಿ ಅದೇ ದನಿಯಲ್ಲಿ ಹೇಳಿದಳು. ಅವನ ಮೇಲೆ ನನಗೆ ಬಂದ ಸಿಟ್ಟು ಎಷ್ಟು ಅಂದರೆ ಗೋಡೆಯ ಮೇಲಿದ್ದ ಅವನ ಫೋಟೋಗೆ ಬೆನ್ನು ಹಾಕಿ ನಿಂತೆ.

ಆಮೇಲೆ ಹೆಂಡತಿ ಏನು ಮಾಡಿದಳು ಅಂತ ಲಾವಣ್ಯನ ಕೈಲಿ ಕೇಳಿಸಿದೆ. ಅವಳು ಕೊಟ್ಟಿಗೆಗೆ ಹೋದಳು ಅಂದರು. ಅಲ್ಲಿಂದ ಮುಂದೆ ಗೋಡೆಯಷ್ಟು ದೊಡ್ಡ ದೊಡ್ಡ ಚಿತ್ರ ಬರೆದಳಂತೆ, ಕುಣಿದು ಕುಣಿದು ಮೇಲಿನವರೆಗೂ ಕೈ ಎಟುಕಿಸಿ ಬರೆದಳಂತೆ. ಕೊಟ್ಟಿಗೆ ಗೋಡೆಯ ಮೇಲೆ ಈಗಲೂ ಇರುವ ಬಣ್ಣ ಅವಳದ್ದಂತೆ.

ಆ ಕೋಣೆಯನ್ನು ಇನ್ನೊಂದು ಸಲ ನೋಡಿದೆ. ಕಿಟಕಿ. ಮಂಚದ ಜಾಗ. ಬೀರುವಿನ ಜಾಗ. ಅತ್ತಿಬೆಲೆಯಲ್ಲಿ ಇಂಥದೇ ಕೋಣೆ ತೋರಿಸಿದ್ದಕ್ಕೆ ತಾನೇ ನಾನು ಕೈ ಹಿಡಿದುಕೊಂಡದ್ದು.

"ಲಾವೀ, ಮಂಜುನಾಥ ನೂರು ವರ್ಷ ಬಾಳಲಿ" ಅಂದೆ. "ನಿಂಗೆ ಕೊಟ್ಟಿಗೆ ಸಿಗೋಕೆ ಯಾರೂ ಸಾಯಬಾರ್ದು. ಅದು ಮೊದಲೇ ಸಿಗಬೇಕು."

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ನಂಗೆ ಚಿಕ್ಕದು ಬರೆಯೋಕೆ ಆಗ್ತಿಲ್ಲ ಅಜ್ಜಿ, ಎಷ್ಟು ಮಡಚಿದ್ರೂ ಆಗ್ತಿಲ್ಲ ಅಂತ ಅತ್ತಳು.

ಅವರ ಸ್ಮಶಾನ, ಮತ್ತೆ ಹಾಲ್

ವಾಪಸ್ ಹೋಗುವ ದಾರಿಯಲ್ಲಿ ಲಾವಣ್ಯ ಆ ಗಂಡ ಹೆಂಡತಿಯನ್ನು ಹೂತ ಜಾಗ ತೋರಿಸಿದಳು. ಅವನಿಗೆ ಒಂದು ದೊಡ್ಡ ಬಂಡೆ. ಅವಳಿಗೆ ಅದರ ಕಾಲ ಬುಡದಲ್ಲಿ ಒಂದು ಸಣ್ಣ ಕಲ್ಲು. ನಮ್ಮ ಬೇಗೂರು ದೇವಸ್ಥಾನದಲ್ಲಿ ವೀರಗಲ್ಲುಗಳಿವೆ, ಕುದುರೆ ಆನೆ ಏರಿ ಯುದ್ಧದಲ್ಲಿ ಸತ್ತವರವು. ಅವರು ದೊಡ್ಡ ಕಲ್ಲು ಹಾಕಿಸಿಕೊಂಡರೆ ಒಪ್ಪಬಹುದು. ಬಂದವರೆಲ್ಲ ಆ ಬಂಡೆಯ ಮೇಲೆ ಕಾಸು, ಬ್ರಶ್ಶು ಇಟ್ಟು ಹೋಗುತ್ತಿದ್ದರು. ನಾನು ರಸ್ತೆ ಪಕ್ಕದ ಹಳದಿ ಹೂವು ಕಿತ್ತು ತಂದು ಸಣ್ಣ ಕಲ್ಲಿನ ಮೇಲಿಟ್ಟೆ. ಅವನಿಗೆ ಒಂದು ಎಸಳೂ ಕೊಡಲಿಲ್ಲ.

ಮಾರನೇ ದಿನ ಕಾಲೇಜಿನ ಹಾಲ್‌ನಲ್ಲಿ ಲಾವಣ್ಯ ಬಟ್ಟೆಯ ಮಡಿಕೆ ಬಿಚ್ಚಿದಳು. ಪೇಪರ್‌ಗಳನ್ನು ನಾನೇ ಬಾಚಿ ತೆಗೆದೆ. ಅವಳು ಎದ್ದು ನಿಂತು ಬರೆದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಸುತ್ತಿದಳು, ಬಗ್ಗಿದಳು, ಓಡಿದಳು. ಅಯ್ಯೋ, ಏನು ಚೆಂದ ಕಣ್ರೀ. ನೀಲಿ ನನ್ನ ಸೀರೆ ಅಂಚಿಗೆ ಹಾರಿತು, ನಾನು ಒರೆಸಿಕೊಳ್ಳಲೂ ಇಲ್ಲ. ಬಿಳೀಕೂದಲಿನ ಮೇಡಂ ಬಂದು ನನ್ನ ಪಕ್ಕ ನಿಂತರು, ನನ್ನ ಹೆಗಲ ಮೇಲೆ ಕೈಯಿಟ್ಟು ಈ ಸಲ ನಕ್ಕರು.

ಮುನಿರಾಜುಗೆ ಫೋನ್ ಮಾಡಿ, ಬಂದ ತಕ್ಷಣ ಅತ್ತಿಬೆಲೆಗೆ ಹೋಗಬೇಕು, ಆ ರೂಮಿನ ವಿಚಾರ ಮಾತಾಡಬೇಕು ಅಂದೆ. ಅವನು, ಆಗಿರೋ ಮಾತು ಕೆಡಿಸಬೇಡಮ್ಮ ಅಂದ. ನಾನು ಕೆಡಿಸುತ್ತೀನಿ ಅಂತ ಹೇಳಿ ಫೋನ್ ಇಟ್ಟೆ.

ಅತ್ತಿಬೆಲೆ

ಊರಿಗೆ ಬಂದ ಮೇಲೆ ನಾನು, ಲಾವಣ್ಯ ಮುನಿರಾಜು ಕಾರಲ್ಲಿ ಹೊರಟೆವು. ಹೊಸೂರು ರಸ್ತೆಯ ಜಾಮಿನಲ್ಲಿ, ಎಲೆಕ್ಟ್ರಾನಿಕ್ ಸಿಟಿ ದಾಟುವಷ್ಟರಲ್ಲಿ ನನ್ನ ಮಾತೆಲ್ಲ ತಯಾರಾಗಿತ್ತು. ಅವರ ಮನೆ ಕೆಳಗೆ ಕಾರು ನಿಲ್ಲಿಸೋಕೆ ಅಂತ ವಿಶಾಲವಾದ ಜಾಗ ಬಿಟ್ಟಿದ್ದರು. ಅದನ್ನು ಕೇಳಬೇಕು ಅಂತ ನಾನು ತೀರ್ಮಾನ ಮಾಡಿದ್ದೆ.

ಕೇಸರಿಬಾತು ಕೊಟ್ಟರು. ಹುಡುಗನ ತಾಯಿ, ಮೇಲಿನ ರೂಮಿಗೆ ಹೊಸ ಟೇಬಲ್ ಹಾಕಿಸಿದೀವಿ ಬನ್ನಿ ನೋಡಿ ಅಂತ ಎದ್ದರು. ನಾನು ಬಾಯಿ ತೆರೆಯೋಕೆ ಮುಂಚೆ ಲಾವಣ್ಯ, ಕೂತಲ್ಲಿಂದಲೇ ಹೇಳಿದಳು.

"ಆಂಟಿ, ನಂಗೆ ಆ ರೂಮ್ ಸಾಲಲ್ಲ."

ಮುನಿರಾಜುವಿನ ಚಮಚ ತಟ್ಟೆಯಲ್ಲೇ ನಿಂತಿತು. ಅವತ್ತು ಸಾಕು ಅಂದ್ಯಲ್ಲಮ್ಮ ಅಂತ ಆಕೆ ಕೇಳಿದರು. ಅವತ್ತು ಸುಳ್ಳು ಹೇಳಿದ್ದೆ ಅಂದಳು ಇವಳು. ನನಗೆ ಎದೆ ಹಿಗ್ಗಿ, ತಡೆಯಲಾರದೆ, ಕೆಳಗಿನ ಕಾರಿನ ಜಾಗ ಬಿಟ್ಟುಕೊಡಿ ಅಂತ ಕೇಳೇಬಿಟ್ಟೆ. ಕಾರು ಎಲ್ಲಿ ನಿಲ್ಸೋದು ಅಜ್ಜಿ ಅಂತ ಮಂಜುನಾಥ ನಿಜವಾಗಿ ಯೋಚನೆ ಮಾಡುತ್ತಾ ಕೇಳಿದ.

"ಹೊರಗೆ ನಿಲ್ಸಪ್ಪ. ಮಳೇಲಿ ನೆನೆದ್ರೆ ಅದಕ್ಕೇನು ನೆಗಡಿ ಬರುತ್ತಾ?"

ಅವನು ನಗೋಕೆ ಹೋಗಿ ತಾಯಿಯ ಮುಖ ನೋಡಿ ನುಂಗಿಕೊಂಡ. ಆಕೆ ದನಿ ಏರಿಸಲಿಲ್ಲ.

"ಬೇಜಾರು ಮಾಡ್ಕೋಬೇಡಿ ಅಮ್ಮ. ನಾವು ಒಂದು ರೂಮಾದ್ರೂ ತೋರ್ಸಿದ್ವಿ. ಇಷ್ಟು ವರ್ಷ ನಿಮ್ಮನೇಲಿ ಅವಳು ಎಲ್ಲಿ ಕೂತು ಬರೀತಿದ್ಲು?"

ನಮ್ಮ ಮನೆ ಮಹಡಿ ಮೆಟ್ಟಿಲ ತಿರುವಿನಲ್ಲಿ, ನೀರಿನ ಡ್ರಮ್ಮಿನ ಪಕ್ಕ ಬರೆಯುತ್ತಿದ್ದಳು. ಬಟ್ಟೆ ಒಣಗಿಸೋಕೆ ಯಾರು ಹತ್ತಿ ಹೋದರೂ ಸುತ್ತಿಕೊಂಡು ಎದ್ದು ನಿಲ್ಲುತ್ತಿದ್ದಳು. ಮೊಸಾಯಿಕ್ ಮೇಲೆ ಒಂದು ಹನಿ ಬಿದ್ದರೂ ನನ್ನ ಸೊಸೆ, ಮಗ, ನಾನು, ಮೂರೂ ಜನ ಬೈಯುತ್ತಿದ್ದೆವು. ಅದನ್ನೇ ನಾನು ಅಚ್ಚುಕಟ್ಟು ಅಂತ ಅಮೆರಿಕದವರೆಗೂ ಸಾರಿ ಬಂದದ್ದು.

ಸಿಟ್ಟು ಬಂತು. ಆಕೆಯ ಮೇಲಲ್ಲ. ಆಕೆ ಕೇಳಿದ್ದು ನ್ಯಾಯವಾಗಿತ್ತು.

ಬೇಗೂರು

ನಮ್ಮ ಗೇಟಿನ ಹತ್ತಿರ ಇಳಿದವಳೇ, ಕಾರು ಒಳಗೆ ತರಬೇಡ ಅಂತ ಮುನಿರಾಜುಗೆ ಹೇಳಿದೆ. ಸುಸ್ತಾಗಿದೀಯ, ಒಳಗೆ ಹೋಗಿ ಮಲಕ್ಕೋ ಅಂದ. ನಾನು ಹೋಗಿ ಅವನು ಕಾರು ನಿಲ್ಲಿಸುವ ಜಾಗದ ನಟ್ಟನಡುವೆ ಕಾಲು ಚಾಚಿ ಕೂತೆ. ಒಂದು ಸಲ ಹಾರ್ನ್ ಹೊಡೆದ. ತಾಯಿಗೆ ಹಾರ್ನ್ ಹೊಡೆದೆ ಅಂತ ಆಮೇಲೆ ತಾನೇ ನಾಚಿಕೊಂಡು, ಹೊರಗಡೆ ಹೊಂಗೆ ಮರದ ಕೆಳಗೆ ನಿಲ್ಲಿಸಿದ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅಷ್ಟರಲ್ಲಿ ಆ ಜಾಗ ಲಾವಣ್ಯನದಾಗಿತ್ತು.

ಅತ್ತಿಬೆಲೆಯವರು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಮಂಜುನಾಥ ಒಂದು ಸಲ ಫೋನ್ ಮಾಡಿ, ನಿಮ್ಮಪ್ಪನ ಕಾರಿಗೆ ನೆಗಡಿ ಆಯ್ತಾ ಅಂತ ಕೇಳಿದನಂತೆ. ಯೋಚನೆ ಮಾಡಲಿ. ಕಾಯೋಕೆ ನಮಗೇನೂ ಅವಸರವಿಲ್ಲ.

ಮೊನ್ನೆ ಬೆಳಗ್ಗೆ ಮುನಿರಾಜು ಕೆಲಸಕ್ಕೆ ಹೊರಟವನು ಕಾರು ಒರೆಸೋ ಬಟ್ಟೆ ಹಿಡಿದುಕೊಂಡು ವಾಪಸ್ ಬಂದ. ಕಾರಿನ ತುಂಬ ಕಾಗೆ ಹಿಕ್ಕೆ. ನೋಡು ನಿನ್ನ ಮೊಮ್ಮಗಳ ಕಲೆಗೆ ನನ್ನ ಕಾರಿನ ಗತಿ ಅಂತ ಗದರಿದ.

"ಮುಟ್ಟದೆ ಮೇಲಿಂದ ಬಿಟ್ಟಿರೋದು ಕಣೋ" ಅಂದೆ. "ಅಮೆರಿಕದಲ್ಲಾಗಿದ್ರೆ ಗೋಡೆಗೆ ಹಾಕಿರೋರು."

ಕಾರಿನ ಜಾಗದಲ್ಲಿ ಬರೆಯುತ್ತಿದ್ದ ಲಾವಣ್ಯ ಕಿಸಕ್ಕನೆ ನಕ್ಕಳು. ನಕ್ಕ ರಭಸಕ್ಕೆ ಕೈಯಲ್ಲಿದ್ದ ಡಬ್ಬಿ ಅಲ್ಲಾಡಿ ಕಪ್ಪು ಬಣ್ಣ ಬಟ್ಟೆ ದಾಟಿ ಟೈಲ್ಸ್ ಮೇಲೆ ಹರಿದು ಗೋಡೆ ಬುಡಕ್ಕೆ ಹೋಯಿತು. ಮುನಿರಾಜು ಕೈಯಲ್ಲಿದ್ದ ಬಟ್ಟೆಯನ್ನು ನೋಡಿಕೊಂಡ, ನೆಲವನ್ನು ನೋಡಿದ, ಕೊನೆಗೆ ಕಾರು ಒರೆಸೋಕೆ ಹೊರಗೆ ಹೋದ. ಲಾವಣ್ಯ ತಲೆಯೆತ್ತಿ ನನ್ನನ್ನು ನೋಡಿದಳು.

"ಅಜ್ಜಿ, ಕಾಲು ತಗಿ" ಅಂದಳು. "ಅಡ್ಡ ನಿಂತಿದೀಯ."

ನಾನು ತೆಗೆದೆ.